ಬಾಯಿಗೆ ಎಟಕುವ ಬಕಲು

ಕೊಯ್ಲು ಮುಗಿದು ಹೊಲಗಳೆಲ್ಲ ಬೋಳಾಗಿದ್ದವು. ಒಣ ಚಳಿ ಶುರುವಾಗಿತ್ತು. ಸುತ್ತಲಿನವರು ಗಾಡಿಯ ಪಟ್ಟಿ, ಎದೆಪಟ್ಟಿ, ಕಡಿವಾಣ ಎಲ್ಲವನ್ನೂ ತಂದು ಕುದುರೆಯ ಜೀನು, ಪಟ್ಟಿ ಹೊಲಿಯುವ ಜೀನಿನವನ ಜಗುಲಿಯ ಮೇಲೆ ರಾಶಿ ಹಾಕಿ ಹೋಗುವ ಕಾಲ. ಉಳುಮೆಗೆ ಮೊದಲು ಎಲ್ಲವನ್ನೂ ಹೊಲಿದು, ಎಣ್ಣೆ ಕುಡಿಸಿ ಇಡಬೇಕು. ಜೀನಿನವನು ಬೆಳಗಿನಿಂದ ಒಂದು ಎದೆಪಟ್ಟಿಯನ್ನು ಮೊಣಕಾಲುಗಳ ನಡುವೆ ಇರುಕಿಕೊಂಡು, ದಬ್ಬಳದಿಂದ ತೂತು ಹಾಕಿ, ಮೇಣ ಸವರಿದ ದಾರವನ್ನು ಎರಡೂ ಕಡೆಯಿಂದ ಎಳೆಯುತ್ತಿದ್ದ. ಎಳೆದಾಗಲೆಲ್ಲ ಅವನ ಮೊಣಕೈಗಳು ರೆಕ್ಕೆಯಂತೆ ಹೊರಗೆ ಹೋಗುತ್ತಿದ್ದವು. ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಪಕ್ಕೆಗೊಂದು ತಿವಿತ ಗ್ಯಾರಂಟಿ.

"ಸ್ವಲ್ಪ ಆಚೆ ಕೂತ್ಕೋ ಪುಟ್ಟಿ" ಎಂದ.

"ನೀನೇ ರೆಕ್ಕೆ ಮಡಚ್ಕೋ" ಎಂದಳು ತಂಗಿ. ಡೇರಿಯಲ್ಲಿ ಹಾಲು ಅಳೆಯುವ ಕೆಲಸ ಮುಗಿಸಿ ಸೀದಾ ಬಂದಿದ್ದಳು. ಸೆರಗಿನ ತುದಿ ಇನ್ನೂ ಒದ್ದೆಯಿತ್ತು. ಮಡಿಲಲ್ಲಿ ಅವಳ ಮಣಿಕಟ್ಟಿನ ಪಟ್ಟಿ ಇತ್ತು. "ಅಣ್ಣ, ಇದಕ್ಕೊಂದು ಬೇರೆ ಬಕಲು ಮಾಡ್ಕೊಡು. ನಾನೇ ಹಾಕ್ಕೊಂಡು ನಾನೇ ಬಿಚ್ಚೋ ಥರದ್ದು."

ಅವನು ದಾರ ಎಳೆದ. "ಈಗಿರೋದಕ್ಕೆ ಏನಾಗಿದೆ?"

"ಅದಕ್ಕೇನೂ ಆಗಿಲ್ಲ. ಅದನ್ನ ಹಾಕೋಕೆ ನೀನು ಬೇಕು, ಅಷ್ಟೇ."

ತಂಗಿಗೆ ಎಡಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಅವಳು ಚಿಕ್ಕ ಹುಡುಗಿಯಾಗಿದ್ದಾಗ ಹಿತ್ತಲ ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಹುಲ್ಲು ಕೊಡುತ್ತಿದ್ದಳು, ಅಣ್ಣ ಚಕ್ರ ತಿರುಗಿಸುತ್ತಿದ್ದ. ಒಂದು ದಿನ ಹುಲ್ಲಿನ ಜೊತೆ ಕೈಯೂ ಹೋಯಿತು. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಯಂತ್ರ ಇದ್ದಲ್ಲೇ ಇತ್ತು; ದನಗಳಿಗೆ ಮೇವು ಬೇಕಿತ್ತಲ್ಲ. ಅಂದಿನಿಂದ ಹುಲ್ಲು ಕೊಡುವವನೂ ಅವನೇ, ತಿರುಗಿಸುವವನೂ ಅವನೇ. ಒಂದು ಹಿಡಿ ತುರುಕಿ, ಸುತ್ತಿ ಬಂದು ಚಕ್ರ ತಿರುಗಿಸಿ, ಮತ್ತೆ ಸುತ್ತಿ ಹೋಗಿ ಇನ್ನೊಂದು ಹಿಡಿ ತುರುಕುವುದು. ಇಬ್ಬರಿದ್ದರೆ ಬೇಗ ಮುಗಿಯುವ ಕೆಲಸ ಅವನಿಗೆ ಅರ್ಧ ಬೆಳಗನ್ನು ತಿನ್ನುತ್ತಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ "ಹುಲ್ಲು ನಾನು ಕೊಡ್ತೀನಿ ಬಿಡಿ" ಎಂದು ಬಂದಾಗ ಅವನು ಕೊಟ್ಟಿಗೆಯ ಬಾಗಿಲು ಹಾಕಿಕೊಂಡಿದ್ದ.

ಬಿಲ್ಲು ಹಿಡಿದದ್ದು ತಂಗಿಯದೇ ಹಟ. ಎಡ ತೋಳಿನ ತುದಿಗೆ ಅಣ್ಣ ಒಂದು ದಪ್ಪ ಚರ್ಮದ ಕವಚ ಹೊಲಿದುಕೊಟ್ಟಿದ್ದ. ಅದರ ಮುಂದಿನ ಕಬ್ಬಿಣದ ಕವೆಯಲ್ಲಿ ಬಿಲ್ಲು ಕೂರುತ್ತಿತ್ತು. ಬಲ ಮಣಿಕಟ್ಟಿಗೆ ಒಂದು ಪಟ್ಟಿ, ಪಟ್ಟಿಯಿಂದ ಅಂಗೈಗೆ ಬರುವಂತೆ ಒಂದು ಕೊಕ್ಕೆ. ಕೊಕ್ಕೆ ಹೆದೆಯನ್ನು ಹಿಡಿಯುತ್ತದೆ, ಕೈ ಹಿಂದಕ್ಕೆ ಎಳೆಯುತ್ತದೆ, ಬೆರಳು ಒಂದು ಸಣ್ಣ ಕೀಲನ್ನು ಒತ್ತಿದರೆ ಬಾಣ ಹೋಗುತ್ತದೆ. ಬಿಲ್ಲಿನ ಎಳೆತವೆಲ್ಲ ಆ ಪಟ್ಟಿಯ ಮೇಲೆ. ಎಡಗಡೆಯ ಕವಚವನ್ನು ಬಲಗೈ ಕಟ್ಟಿಕೊಳ್ಳುತ್ತಿತ್ತು. ಬಲಗಡೆಯ ಪಟ್ಟಿಯನ್ನು ಕಟ್ಟಲು ಕೈ ಇರಲಿಲ್ಲ. ಅದಕ್ಕೆ ಅಣ್ಣ ಇದ್ದ. ದಿನಾ ಸಂಜೆ ಮೈದಾನಕ್ಕೆ ಹೋಗಿ ಬಕಲು ಹಾಕುತ್ತಿದ್ದ. ಅವಳು ಬಾಣಗಳನ್ನು ಬಿಟ್ಟ ಮೇಲೆ ಬಿಚ್ಚುತ್ತಿದ್ದ, ಯಾಕೆಂದರೆ ಗುರಿಯಿಂದ ಬಾಣ ಕೀಳಬೇಕಾದದ್ದೂ ಅದೇ ಕೈ, ಕೊಕ್ಕೆ ಇದ್ದರೆ ಅಡ್ಡ. ಕಿತ್ತು ತಂದ ಮೇಲೆ ಮತ್ತೆ ಹಾಕುತ್ತಿದ್ದ. ಎಷ್ಟನೆಯ ತೂತು ಎಂದು ನೋಡಬೇಕಾಗಿರಲಿಲ್ಲ.

"ಬಿಲ್ಲಿನ ತಂಡದ ಆಯ್ಕೆಯ ದಿನ ಮೈದಾನಕ್ಕೆ ಹಗ್ಗ ಕಟ್ತಾರಂತೆ, ಅದರಾಚೆ ಬಿಲ್ಲುಗಾರರನ್ನ ಬಿಟ್ಟು ಯಾರನ್ನೂ ಬಿಡಲ್ವಂತೆ. ಮೇಷ್ಟ್ರು ಹೇಳಿದ್ರು" ಎಂದಳು ತಂಗಿ. "ಆಯ್ಕೆಯಾದ್ರೆ ಆಮೇಲೆ ತರಬೇತಿ ಹಾಸ್ಟೆಲಲ್ಲಿ ಇರ್ಬೇಕು. ಅಲ್ಲಿಗೂ ನಿನ್ನನ್ನ ಟ್ರಂಕಲ್ಲಿ ಹಾಕ್ಕೊಂಡು ಹೋಗ್ಲಾ?"

ಒಳಗಿನಿಂದ ಹೆಂಡತಿ ಕೂಗಿ ಹೇಳಿದಳು: "ಹಾಕ್ಕೊಂಡು ಹೋಗು ತಾಯಿ. ಬೀಗದ ಕೈ ಮಾತ್ರ ನನ್ನ ಹತ್ರ ಇರ್ಲಿ."

ಜೀನಿನವನು ನಗಲಿಲ್ಲ. ಪಟ್ಟಿಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದ. "ಮಾಡೋಣ" ಎಂದ.

ಏನು ಮಾಡಬೇಕೆಂಬುದು ಅವನಿಗೆ ಆಗಲೇ ಹೊಳೆದಿತ್ತು. ಪಟ್ಟಿಯ ತುದಿಯನ್ನು ಹಲ್ಲಿನಿಂದ ಎಳೆದರೆ ಬಿಗಿಯಾಗಬೇಕು. ಬಕಲಿನ ನಾಲಿಗೆಗೆ ಒಂದು ಚಿಕ್ಕ ಚರ್ಮದ ಬಾಲ ಹೊಲಿಯಬೇಕು. ಅದನ್ನು ಕಚ್ಚಿ ಎತ್ತಿದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳಬೇಕು. ಎಳೆದಷ್ಟೂ ನಾಲಿಗೆ ಕಚ್ಚಿ ಹಿಡಿಯಬೇಕು. ಹೆದೆ ಎಳೆದಾಗ ಪಟ್ಟಿ ಜಾರಿದರೆ ಅವಳ ಮುಷ್ಟಿಯೇ ಬಂದು ಮುಖಕ್ಕೆ ಬಡಿಯುತ್ತದೆ. ಕಷ್ಟದ ಕೆಲಸವೇನಲ್ಲ. ಆದರೂ ಅದನ್ನು ಗೂಟಕ್ಕೆ ನೇತುಹಾಕಿ ಊರವರ ಕಡಿವಾಣಗಳನ್ನೆಲ್ಲ ಮುಗಿಸಿದ. ಅವಸರವಿಲ್ಲದವರದ್ದೂ ಮುಗಿಸಿದ.

ಮೊದಲು ಮಾಡಿಕೊಟ್ಟ ಬಕಲಿನ ಸ್ಪ್ರಿಂಗು ಎಷ್ಟು ಗಟ್ಟಿಯಿತ್ತೆಂದರೆ ತಂಗಿ ಕಚ್ಚಿ ಎತ್ತಲು ಹೋಗಿ ದವಡೆ ಹಿಡಿದುಕೊಂಡು ಕೂತಳು.

"ಜಾರಬಾರದಲ್ಲ" ಎಂದ ಅಣ್ಣ.

"ಜಾರಲ್ಲ. ನನ್ನ ಹಲ್ಲು ಜಾರತ್ತೆ."

ಅವನು ಅದನ್ನು ವಾಪಸ್ ತೆಗೆದುಕೊಂಡ. ಇನ್ನೊಂದು ಮಾಡಲು ಮತ್ತಷ್ಟು ದಿನ ಹಿಡಿಯಿತು. ಈ ಸಲ ಸ್ಪ್ರಿಂಗು ಸರಿಯಿತ್ತು. ತಂಗಿ ಜಗುಲಿಯ ಕಂಬಕ್ಕೆ ಒರಗಿ ನಿಂತು ಬಾಲವನ್ನು ಬಾಯಿಗಿಟ್ಟಳು, ಮುಖ ಸಿಂಡರಿಸಿ ಅಂಗಳಕ್ಕೆ ಉಗಿದಳು. ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದಳು.

"ಮೀನೆಣ್ಣೆ" ಎಂದಳು.

"ಚರ್ಮ ಒಣಗಬಾರದು ಅಂತ."

ಅವಳು ಗೋಡೆಯಲ್ಲಿ ನೇತುಬಿದ್ದಿದ್ದ ಒಂದು ಕಡಿವಾಣ ತೆಗೆದು ಕೆನ್ನೆಪಟ್ಟಿಯನ್ನು ಮೂಸಿ ನೋಡಿದಳು.

"ಇದಕ್ಕೆ ಏನು ಹಚ್ಚಿದ್ದೀಯ?"

"ಜೇನುಮೇಣ."

"ಯಾಕೆ, ಮೀನೆಣ್ಣೆ ಹಚ್ಚಲ್ವಾ?"

"ಬಾಯಿಗೆ ಹೋಗೋದಲ್ವಾ" ಎಂದು ಅವನು ನಿಲ್ಲಿಸಿದ.

"ಕುದುರೆ ಬಾಯಿಗೆ."

"ಹೂಂ."

"ಮತ್ತೆ ಮೀನೆಣ್ಣೆ ಯಾವುದಕ್ಕೆ ಹಚ್ತೀಯ ನೀನು?"

ಅವನು ದಬ್ಬಳವನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದ.

"ಕಟ್ಟಿದ್ದನ್ನ ಕಡಿಯೋ ಕುದುರೆ ಇರತ್ತಲ್ಲ" ಎಂದ ಕೊನೆಗೆ. "ಅದರ ಹಗ್ಗಕ್ಕೆ. ಬಾಯಿ ಹಾಕ್ದೇ ಇರ್ಲಿ ಅಂತ."

ಬಾಗಿಲ ಬಳಿ ಹೆಂಡತಿ ಮೊರದಲ್ಲಿ ಕಾಳು ಕೇರುತ್ತಿದ್ದವಳು ನಿಲ್ಲಿಸಿದಳು.

"ಕೇಳಿಸ್ಕೊಂಡ್ರಾ ಅತ್ತಿಗೆ, ನಿಮ್ಮ ಯಜಮಾನ್ರಿಗೆ ನಾನು ಕಡಿಯೋ ಕುದುರೆ" ಎಂದಳು ತಂಗಿ. ನಗುವ ಹಾಗೆ ಹೇಳಲು ಹೋದಳು, ಆಗಲಿಲ್ಲ. "ಅಣ್ಣ, ನಾನು ಹೋಗಬಾರದು ಅಂತಿದ್ರೆ ಬಾಯಿಬಿಟ್ಟು ಹೇಳು."

"ಹೋಗಬೇಡ ಅಂತ ಅಲ್ಲ."

"ಮತ್ತೇನು?"

"ಸಂಜೆ ಹೊತ್ತು..." ಎಂದ.

"ಸಂಜೆ ಹೊತ್ತು ಮನೇಲಿರಿ" ಎಂದಳು ಹೆಂಡತಿ, ಮೊರವನ್ನು ಮತ್ತೆ ಎತ್ತಿಕೊಳ್ಳುತ್ತ. "ಅಡುಗೆಮನೆ ಸೂರು ಹೋದ ಮಳೆಗಾಲದಿಂದ ನಿಮ್ಮ ದಾರಿ ಕಾಯ್ತಿದೆ." ಮೆತ್ತಗೆ ಹೇಳಿದಳು.

ಕೈ ಮೀನೆಣ್ಣೆಯ ಡಬ್ಬಿಗೆ ಹೋದದ್ದು ತನಗೆ ಗೊತ್ತೇ ಆಗಲಿಲ್ಲ ಎಂದು ಅವನು ಹೇಳಬಹುದಿತ್ತು. ಅದು ಅರ್ಧ ಸುಳ್ಳಾಗುತ್ತಿತ್ತು. ಎರಡು ಡಬ್ಬಿಗಳೂ ಒಂದೇ ಹಲಗೆಯ ಮೇಲೆ ಇರುತ್ತಿದ್ದವು, ನಿಜ. ಆದರೆ ಕಣ್ಣು ಕಟ್ಟಿದರೂ ಅವನು ಎಂದೂ ಒಂದರ ಬದಲು ಇನ್ನೊಂದನ್ನು ತೆಗೆದವನಲ್ಲ.

ಮರುದಿನ ಅವನು ಬೇರೆ ಚರ್ಮ ಕತ್ತರಿಸಿದ. ತನ್ನ ಎಡಗೈಯನ್ನು ಬೆನ್ನ ಹಿಂದೆ ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡು, ಪಟ್ಟಿಯನ್ನು ಬಲಗೈಗೆ ಹಾಕಿ ಬಾಯಲ್ಲಿ ಎಳೆದು ನೋಡಿದ. ಬಾಲ ಇರಬೇಕಾದದ್ದು ಮಣಿಕಟ್ಟಿನ ನಡುವೆ ಅಲ್ಲ, ಹೆಬ್ಬೆರಳಿನ ಕಡೆ. ಬಾಯಿ ಬರುವುದು ಆ ಕಡೆಯಿಂದ. ಅದನ್ನು ಬಿಚ್ಚಿ ಮತ್ತೆ ಹೊಲಿದ. ಅಂಚುಗಳನ್ನು ಉಜ್ಜಿ ನುಣುಪು ಮಾಡಿ ಮೇಣ ಹಚ್ಚಿದ, ಬಟ್ಟೆಯಿಂದ ತಿಕ್ಕಿ, ನೆಕ್ಕಿ ನೋಡಿ, ಮತ್ತೆ ತಿಕ್ಕಿದ. ಆಮೇಲೆ ಪಟ್ಟಿಯನ್ನು ತೊಲೆಗೆ ಕಟ್ಟಿ, ಅವಳ ಬಿಲ್ಲಿನ ಎಳೆತಕ್ಕಿಂತ ಭಾರದ ಒಂದು ಕಾಳಿನ ಮೂಟೆ ತೂಗುಹಾಕಿದ. ಒಂದು ಹಗಲು ತೂಗಿತು. ಒಂದು ಎಳೆಯಷ್ಟೂ ಜಾರಲಿಲ್ಲ. ಭಾರವಿದ್ದಾಗ ಬಾಲವನ್ನು ಎತ್ತಿದರೂ ಬಿಡಲಿಲ್ಲ. ಮೂಟೆ ಇಳಿಸಿ ಎತ್ತಿದ ಕೂಡಲೇ ಬಿಟ್ಟಿತು. ಚೆನ್ನಾಗಿ ಆಗಿದೆ ಎಂದು ಅವನಿಗೆ ತಿಳಿಯಿತು. ತಿಳಿಯಿತು ಅಷ್ಟೇ. ಊಟಕ್ಕೆ ಕೂತಾಗ ಬಾಯಲ್ಲೆಲ್ಲ ಮೇಣದ ರುಚಿಯಿತ್ತು. ಏನು ತಿಂದೆ ಎಂಬುದು ಎದ್ದ ಮೇಲೆ ನೆನಪಿರಲಿಲ್ಲ.

ತಂಗಿ ಹಾಕಿಕೊಂಡಳು, ಬಿಚ್ಚಿದಳು. ಮತ್ತೆ ಹಾಕಿಕೊಂಡಳು. "ಆಯ್ತು" ಎಂದಳು.

ಆಯ್ಕೆಯ ದಿನ ಅವನೂ ಹೋದ. ಮೈದಾನದ ಉದ್ದಕ್ಕೂ ಹಗ್ಗ ಕಟ್ಟಿದ್ದರು. ಈಚೆ ಕಡೆ ಬೆಂಚುಗಳು, ನೀರಿನ ಡ್ರಮ್ಮು, ಬಂದವರ ಚೀಲಗಳು. ತಂಗಿಯ ಊಟದ ಚೀಲ ಹಿಡಿದುಕೊಂಡು ಅವನು ಬೆಂಚಿನ ತುದಿಯಲ್ಲಿ ಕೂತ. ಗಾಳಿ ಅಡ್ಡಡ್ಡ ಬೀಸುತ್ತಿತ್ತು. ಸೀಟಿ ಊದಿದರು. ಆಚೆ, ಸಾಲಿನಲ್ಲಿ, ತಂಗಿ ತಲೆ ಬಗ್ಗಿಸಿ ಮಣಿಕಟ್ಟಿಗೆ ಬಾಯಿ ಹಾಕಿದಳು, ಕತ್ತನ್ನು ಒಂದು ಸಲ ಪಕ್ಕಕ್ಕೆ ಎಳೆದಳು, ನೇರ ನಿಂತಳು. ಚೀಲದ ಹಿಡಿಯ ಮೇಲೆ ಅವನ ಬೆರಳುಗಳು ತಾವಾಗಿಯೇ ಬಿಗಿದವು. ಬಾಣಗಳು ಮುಗಿದ ಮೇಲೆ ಅವಳು ಮತ್ತೆ ತಲೆ ಬಗ್ಗಿಸಿದಳು, ಪಟ್ಟಿ ಬಿಟ್ಟುಕೊಂಡಿತು, ಅದನ್ನು ಸೊಂಟಕ್ಕೆ ಸಿಕ್ಕಿಸಿ ಬರಿಗೈಯಲ್ಲಿ ಗುರಿಯ ಕಡೆ ನಡೆದಳು. ಅವನ ಬೆರಳುಗಳು ಸಡಿಲಾದವು. ಇಡೀ ಬೆಳಿಗ್ಗೆ ಹೀಗೇ.

ಪಕ್ಕದಲ್ಲಿ ಕೂತಿದ್ದ ಹೆಂಗಸು, ಯಾರದೋ ತಾಯಿ, ಅವನ ಕಡೆ ವಾಲಿದಳು. "ಅವ್ರು ನಿಮ್ಮವರಾ?"

"ತಂಗಿ."

"ಒಳ್ಳೇ ಬಕಲು ನೋಡಿ ಅದು. ಎಲ್ಲಿ ತಗೊಂಡ್ರಂತೆ?"

"ಊರಲ್ಲಿ ಒಬ್ಬ ಮಾಡ್ತಾನೆ" ಎಂದ.

ಮಧ್ಯಾಹ್ನ ಹೆಸರುಗಳನ್ನು ಓದಿದರು. ತಂಗಿಯ ಹೆಸರಿತ್ತು. ಬಿಲ್ಲಿನ ಮೇಷ್ಟ್ರು ಹಗ್ಗ ದಾಟಿ ಬಂದು ಅವನ ಭುಜ ತಟ್ಟಿದರು. "ಏನ್ ಜೀನಿನೋರೇ, ಇನ್ನು ನಿಮಗೆ ರಜ. ಕಾಲು ಚಾಚಿ ಮಲಗಿ."

"ಹೂಂ ಮೇಷ್ಟ್ರೇ" ಎಂದ. ಬಸ್ಸಿನಲ್ಲಿ ಅಣ್ಣ ತಂಗಿ ಇಬ್ಬರೂ ಕಿಟಕಿಯ ಆಚೆ ನೋಡುತ್ತ ಬಂದರು. ಚೀಲ ಅವನ ಕೈಯಲ್ಲೇ ಇತ್ತು. ಊಟ ಹಾಗೇ ಉಳಿದಿತ್ತು.

ಅವಳು ಹಾಸ್ಟೆಲಿಗೆ ಹೊರಡುವ ಬೆಳಿಗ್ಗೆಯೂ ದನಗಳಿಗೆ ಮೇವು ಬೇಕಿತ್ತು. ಅವನು ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಹುಲ್ಲಿನ ಕಂತೆ ಬಿಚ್ಚುತ್ತಿದ್ದಾಗ ಬಾಗಿಲು ತೆರೆಯಿತು. ತಂಗಿ ಹೊಸ ಸೀರೆ ಉಟ್ಟಿದ್ದಳು. ಕೈ ಹೋದ ದಿನದ ನಂತರ ಅವಳು ಈ ಹೊಸ್ತಿಲು ದಾಟಿರಲಿಲ್ಲ. ದಾಟಿ, ಹುಲ್ಲು ಕೊಡುವ ಕಡೆಗೆ ಹೋಗದೆ, ಯಂತ್ರವನ್ನು ಸುತ್ತಿ ಚಕ್ರದ ಕಡೆ ಹೋಗಿ ನಿಂತಳು. ಅಲ್ಲಿ ಅವಳು ಎಂದೂ ನಿಂತವಳಲ್ಲ. ಆಗ ಚಕ್ರ ಅವಳಿಗಿಂತ ಎತ್ತರವಿತ್ತು.

"ನೀನು ಹುಲ್ಲು ಕೊಡು" ಎಂದಳು.

"ಬೇಡ ಪುಟ್ಟಿ. ಸೀರೆ ಹಾಳಾಗತ್ತೆ."

"ಬಸ್ಸಿಗೆ ಹೊತ್ತಿದೆ. ಕೊಡು."

ಅವನು ಒಂದು ಹಿಡಿ ಹುಲ್ಲು ತೆಗೆದುಕೊಂಡು ನಿಂತ. ಆಮೇಲೆ ಹೋಗಿ ಯಂತ್ರದ ಬಾಯಿಗೆ ಹಿಡಿದ. ಅಲಗಿನ ಮೇಲೆ ಆಗಲೂ ಇದ್ದ ಅದೇ ತಗಡಿನ ಮುಚ್ಚಳ, ಅದರಾಚೆ ಚಕ್ರ. ಚಕ್ರ ಒಂದು ಸಲ ತಡೆದು, ಕಿರುಗುಟ್ಟಿ, ತಿರುಗತೊಡಗಿತು. ಒಂದೇ ಕೈಯ ತಿರುಗು. ಮೇಲೆ ಹೋಗುವಾಗ ನಿಧಾನ, ಇಳಿಯುವಾಗ ಜೋರು. ಹುಲ್ಲು ಅವನ ಮುಷ್ಟಿಯಿಂದ ಸರಿಯುತ್ತ ಹೋಯಿತು. ಬೆರಳುಗಳು ಬಾಯಿಯ ಹತ್ತಿರ ಬಂದವು. ಅವನು ನೋಡುತ್ತಿದ್ದ. ಬೇರೆ ಯಾರದೋ ಬೆರಳು ಎಂಬಂತೆ ನೋಡಿ, ಬಿಟ್ಟು, ಇನ್ನೊಂದು ಹಿಡಿ ತೆಗೆದುಕೊಂಡ.

ಸ್ವಲ್ಪ ಹೊತ್ತಾದ ಮೇಲೆ ಚಕ್ರ ನಿಂತಿತು.

"ಅಣ್ಣ" ಎಂದಳು ಮುಚ್ಚಳದ ಆಚೆಯಿಂದ.

"ಏನು?"

"ನಿನ್ನ ಕೈ ಇಲ್ಲಿಂದ ಕಾಣಲ್ಲ."

ಅವನು ತನ್ನ ಕೈಗಳನ್ನು ನೋಡಿಕೊಂಡ. ಹುಲ್ಲಿನ ಧೂಳು ಹತ್ತಿತ್ತು.

"ಇಲ್ಲ" ಎಂದ. "ಅಲ್ಲಿಂದ ಕಾಣಲ್ಲ."

"ಬಗ್ಗಿ ನೋಡಿದ್ರೂ ಕಾಣಲ್ಲ."

"ಇಲ್ಲ."

ಆಚೆ ಕಡೆ ಅವಳು ಮೂಗು ಒರೆಸಿಕೊಂಡ ಸದ್ದಾಯಿತು. ಧೂಳಿಗೂ ಇರಬಹುದು. "ಸರಿ" ಎಂದಳು. "ಕೊಡು."

ಅವನು ಕೊಟ್ಟ. ಚಕ್ರ ತಿರುಗಿತು. ಬುಟ್ಟಿ ತುಂಬಿದಾಗ ಬಾಗಿಲ ಬಿಸಿಲು ಇನ್ನೂ ಹೊಸ್ತಿಲ ಮೇಲೇ ಇತ್ತು. ಇಷ್ಟು ಬೇಗ ಮುಗಿದದ್ದಕ್ಕೆ ಮುಂದೇನು ಮಾಡುವುದೆಂದು ಅವನಿಗೆ ಗೊತ್ತಾಗಲಿಲ್ಲ. ಬುಟ್ಟಿಯ ಒಂದು ಕಿವಿಯನ್ನು ತಂಗಿ ಹಿಡಿದಳು, ಇನ್ನೊಂದನ್ನು ಅವನು ಹಿಡಿದ. ಇಬ್ಬರೂ ದನಗಳ ಕಡೆ ಹೋದರು.