ನಾಲ್ಕನೆಯ ಬಾಗಿಲಿನ ಹೆಸರು

ಭಾಗ್ಯಶ್ರೀಗೆ ಒಂದು ಚಟ ಇತ್ತು. ಯಾವುದೇ ವಿಷಯ ಕೈಗೆ ಬರಲಿ, ಅದು ಯಾಕೆ ಹೀಗೆ ಎಂದು ಗೊತ್ತಾಗದ ಹೊರತು ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಅವಳು ಕೆಲಸ ಮಾಡುತ್ತಿದ್ದ ಹೈದರಾಬಾದಿನ ಗಚ್ಚಿಬೌಲಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಥ ಚಟದವರಿಗೆ ಬೈಗುಳವೇ ಜಾಸ್ತಿ. ಅಲ್ಲಿ ದೂರು ಬಂತೋ, ಉತ್ತರ ಕೊಟ್ಟು ಮುಚ್ಚಬೇಕು, ಮುಂದಿನದನ್ನು ತೆಗೆಯಬೇಕು.

ಎರಡು ಸಾವಿರದ ಏಳನೇ ಇಸವಿ ಅದು. ನರ್ಸ್ ಕೆಲಸ ಕಲಿಯುವವರಿಗಾಗಿ ಇದ್ದ ನಾಲ್ಕು ವೆಬ್‌ಸೈಟುಗಳನ್ನು ಅವಳ ಕಂಪನಿ ಒಂದಕ್ಕೊಂದು ಜೋಡಿಸಿಕೊಟ್ಟಿತ್ತು: ಪಾಠದ್ದು, ಪುಸ್ತಕದ್ದು, ಅಭ್ಯಾಸದ್ದು, ಕೊನೆಯದು ಪರೀಕ್ಷೆಯದು. ಮೊದಲನೆಯದರಲ್ಲಿ ಹೆಸರು ಹೇಳಿ ಒಳಗೆ ಹೋದರೆ ಸಾಕು, ಉಳಿದ ಮೂರೂ ಬಾಗಿಲು ತಾವಾಗಿಯೇ ತೆರೆಯಬೇಕು. ಆದರೆ ಪೋರ್ಚುಗಲ್ಲಿನ ಒಬ್ಬ ಹೆಂಗಸಿಗೆ ನಾಲ್ಕನೆಯ ಬಾಗಿಲು ತೆರೆಯುತ್ತಿರಲಿಲ್ಲ. ಅವಳ ಹೆಸರು Inês, ಇನೇಸ್. ಮೂರನೆಯ ಅಕ್ಷರದ ನೆತ್ತಿಯ ಮೇಲೆ ಗುಡಿಸಲಿನ ಸೂರಿನಂಥ ಪುಟ್ಟ ಗುರುತು. 'ಈ ಹೆಸರಿನವರು ಯಾರೂ ಇಲ್ಲ' ಎಂದು ಪರೀಕ್ಷೆಯ ವೆಬ್‌ಸೈಟು ಅವಳನ್ನು ಹೊರಗೆ ನಿಲ್ಲಿಸುತ್ತಿತ್ತು.

'ಆ ಗುರುತು ತೆಗೆದು ಬರೆಯಿರಿ' ಎಂದು ಭಾಗ್ಯಶ್ರೀ ಸೋಮವಾರವೇ ಉತ್ತರ ಕೊಟ್ಟಿದ್ದಳು. ಅದರಲ್ಲಿ ತಪ್ಪೇನಿದೆ ಎಂದು ಅವಳಿಗೆ ಹೊಳೆದಿರಲೂ ಇಲ್ಲ. ಅವಳ ಆಫೀಸಿನ ಮಹಡಿಯಲ್ಲಿದ್ದ ನೂರಿಪ್ಪತ್ತು ಜನರಲ್ಲಿ ತನ್ನ ಹೆಸರನ್ನು ತನ್ನ ಲಿಪಿಯಲ್ಲಿ ಕಂಪ್ಯೂಟರಿಗೆ ಕೊಟ್ಟವರು ಒಬ್ಬರೂ ಇರಲಿಲ್ಲ. ಕನ್ನಡದವರು, ತೆಲುಗರು, ತಮಿಳರು, ಎಲ್ಲರೂ ಸ್ವಂತ ಅಕ್ಷರವನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು ಬಂದವರೇ. ಪರೀಕ್ಷಿಸಿ ನೋಡುವಾಗಲೂ ಅವರು ಹಾಕಿದ್ದ ಹೆಸರುಗಳು ಬರೀ ಇಂಗ್ಲಿಷಿನವು.

ಬುಧವಾರ ಇನೇಸ್‌ಳಿಂದ ಉತ್ತರ ಬಂತು. ಗುರುತು ತೆಗೆದರೆ ಹಾಲ್ ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿಗೆ ಹೊಂದುವುದಿಲ್ಲ, ಹೊಂದದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಹಾಲ್ ಟಿಕೆಟ್ ತೆಗೆದುಕೊಳ್ಳಲು ಶುಕ್ರವಾರ ಕಡೆಯ ದಿನ. ತಪ್ಪಿದರೆ ಇನ್ನೊಂದು ವರ್ಷ. 'ಮೂರು ವರ್ಷ ಓದಿದ್ದೇನೆ. ನನ್ನ ಹೆಸರು ನಾನು ಸರಿಯಾಗಿಯೇ ಬರೆದಿದ್ದೇನೆ' ಎಂದು ಕೊನೆಗೆ ಬರೆದಿದ್ದಳು. ಆ ಸಾಲು ಓದಿ ಭಾಗ್ಯಶ್ರೀಗೆ ನಾಚಿಕೆಯಾಯಿತು.

ಅವಳ ತಂಡದ ಹಿರಿಯ ನರಹರಿ, ಮೈಸೂರಿನವನು, ಕಾಫಿ ಲೋಟ ಹಿಡಿದು ಬಂದು ನಿಂತ.

"ಇನ್ನೂ ಅದನ್ನೇ ಹಿಡ್ಕೊಂಡು ಕೂತಿದೀರಾ? ಲಕ್ಷ ಜನ ಆರಾಮಾಗಿ ಲಾಗಿನ್ ಆಗ್ತಿದಾರೆ, ಇವರೊಬ್ರಿಗೆ ಆಗ್ತಿಲ್ಲ. ಕ್ಲೋಸ್ ಮಾಡ್ಬಿಡಿ."

"ಶುಕ್ರವಾರ ತನಕ ಬಿಡ್ರಿ ಸರ್. ಯಾಕ್ ಹಿಂಗಾತು ಅಂತ ನೋಡ್ತೀನಿ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀಬೇಡಿ ಮತ್ತೆ" ಎಂದು ನಕ್ಕು ಹೋದ.

ಅವಳು ಅದೇ ಹೆಸರನ್ನು ತಾನೇ ಹಾಕಿ ಬಾಗಿಲು ಬಾಗಿಲು ಹಿಂಬಾಲಿಸಿದಳು. ಮೊದಲನೆಯದರಲ್ಲಿ Inês ಸರಿಯಾಗಿಯೇ ಇತ್ತು. ಎರಡನೆಯದರಲ್ಲಿ InÃªs. ಮೂರನೆಯದರಲ್ಲಿ InÃƒÂªs. ನಾಲ್ಕನೆಯದಕ್ಕೆ ಹೋಗುವಷ್ಟರಲ್ಲಿ ಅದನ್ನು ಹೆತ್ತ ತಾಯಿಯೂ ಗುರುತಿಸಲಾರಳು. ಕೆಟ್ಟದ್ದು ಗೊತ್ತಾಯಿತು. ಆದರೆ ಒಂದೇ ಸಲ ಕೆಟ್ಟು ಸುಮ್ಮನಾಗದೆ ಹೆಜ್ಜೆಹೆಜ್ಜೆಗೂ ಉದ್ದವಾಗುತ್ತ ಹೋಗುವುದು ಯಾಕೆ? ಗುರುವಾರ ಇಡೀ ದಿನ ತಲೆ ಕೆರೆದುಕೊಂಡರೂ ಬಗೆಹರಿಯಲಿಲ್ಲ.

ಅವಳು ಇದ್ದದ್ದು ಚಿಕ್ಕಮ್ಮ ಗದಿಗೆಮ್ಮನ ತಗಡಿನ ಖೋಲಿಯಲ್ಲಿ. ಮಾನ್ವಿ ಕಡೆಯ ಗದಿಗೆಮ್ಮ ಹತ್ತು ವರ್ಷದಿಂದ ಹೈದರಾಬಾದಿನಲ್ಲಿ ಗಾರೆ ಹೊರುತ್ತಿದ್ದವಳು. ಬೆಳಿಗ್ಗೆ ಇಬ್ಬರೂ ಜೊತೆಗೇ ಹೊರಡುತ್ತಿದ್ದರು. ಶುಕ್ರವಾರ ಗದಿಗೆಮ್ಮನಿಗೆ ಹೊಸ ಕಟ್ಟಡದಲ್ಲಿ ಮೊದಲ ದಿನ. ಗೇಟಿನಲ್ಲಿ ಅಮರಯ್ಯ ಎಂಬ ತೆಲುಗು ಗುಮಾಸ್ತ ಪಾಸು ಬರೆಯುತ್ತ ಕೂತಿದ್ದ.

"ಪಾತ ಪಾಸು ಇವ್ವಮ್ಮಾ" ಎಂದು ಹಳೆಯ ಪಾಸಿಗೆ ಕೈ ಚಾಚಿದ.

ಗದಿಗೆಮ್ಮ ಪಾಸು ಕೊಡಲಿಲ್ಲ. ಸೀರೆಯ ಸೆರಗು ಸರಿಸಿ ಮುಂಗೈಯನ್ನೇ ಮೇಜಿನ ಮೇಲಿಟ್ಟಳು. ಅಲ್ಲಿ ಹಸಿರು ಹಚ್ಚೆಯಲ್ಲಿ 'ಗದಿಗೆಮ್ಮ' ಎಂದಿತ್ತು. "ಪಾಸು ಒದ್ದು ಸಾರೂ. ಇದಿ ಚೂಸಿ ರಾಯಂಡಿ." ಪಾಸು ಬೇಡ, ಇದನ್ನು ನೋಡಿ ಬರೆದುಕೊಳ್ಳಿ ಎಂದು ತೆಲುಗಿನಲ್ಲೇ ಹೇಳಿದಳು.

ಕನ್ನಡ ಲಿಪಿ ತೆಲುಗಿಗೆ ಅಕ್ಕನೋ ತಂಗಿಯೋ ಆದ್ದರಿಂದ ಅಮರಯ್ಯ ತಡವರಿಸದೆ ಓದಿ ಬರೆದುಕೊಂಡ.

"ಪಾಸ್ ಯಾಕ ಕೊಡಲಿಲ್ಲ ಚಿಗವ್ವ?" ಎಂದು ಭಾಗ್ಯಶ್ರೀ ಕೇಳಿದಳು.

"ಕೊಟ್ಟು ಕೆಟ್ಟೀನವ್ವ. ಸನತ್‌ನಗರದ ಗೇಟಿನಾಗ ಒಬ್ಬಾಂವ ತಪ್ಪು ಬರದ. ಆ ಚೀಟಿ ನೋಡಿ ನಾಚಾರಂ ಗೇಟಿನಾಂವ ತನಗ ತಿಳದಂಗ ಬರದ, ಅದನ್ನ ನೋಡಿ ಮತ್ತೊಬ್ಬಾಂವ. ನಾಕನೇ ಗೇಟಿನಾಗ ನೀ ಬ್ಯಾರೇದಾಕಿ ಅಂತ ಹೊರಗ ಹಾಕಿದ್ರು. ಬಿಸಲಾಗ ನಿಂತು ಅತ್ತೀನಿ. ಆವತ್ತಿಂದ ಯಾರ ಕೇಳಲಿ, ಚೀಟಿ ತೋರಸಂಗಿಲ್ಲ. ಕೈ ತೋರಸ್ತೀನಿ."

ಹುಡುಕುವ ಬಳ್ಳಿ ಕಾಲಿಗೆ ತೊಡರಿತ್ತು. ಭಾಗ್ಯಶ್ರೀ ಚಿಕ್ಕಮ್ಮನ ಕೈಯನ್ನೊಮ್ಮೆ ಒತ್ತಿ ಹಿಡಿದು, ಬುತ್ತಿ ಗಂಟನ್ನೂ ಅವಳ ಕೈಯಲ್ಲೇ ಬಿಟ್ಟು ಆಫೀಸಿಗೆ ಓಡಿದಳು.

"ಸರ್, ಒಂದೊಂದು ಸೈಟೂ ಹಿಂದಿನ ಸೈಟ್ ಬರದಿದ್ದನ್ನ ನೋಡಿ ಮತ್ತ ಬರಿಯಾಕತ್ತೈತ್ರಿ. ಎರಡನೇದು ಆ ಒಂದು ಅಕ್ಷರಾನ ಎರಡು ಅಂತ ಓದೈತಿ. ಮೂರನೇದು ಆ ಎರಡನ್ನ ನಾಕು ಮಾಡೈತಿ. ನಕಲಿನ ನಕಲು! ಎಲ್ಲಾರೂ ಮೊದಲನೇದನ್ನಽ ನೋಡಬೇಕ್ರಿ."

ನರಹರಿಯ ನಗು ನಿಂತಿತು. ಕುರ್ಚಿ ಎಳೆದುಕೊಂಡು ಕೂತು ಹೆಸರು ದಾಟಿಸುವ ಕೋಡನ್ನು ಸಾಲುಸಾಲಾಗಿ ಓದಿದ. "ಥೂ, ಇದನ್ನ ಬರೆದೋನು ನಾನೇ" ಎಂದ. ಮಧ್ಯಾಹ್ನದ ಊಟ ಇಬ್ಬರಿಗೂ ಇಲ್ಲ. ಮೂರು ಗಂಟೆಗೆ ತಿದ್ದುಪಡಿ ಸಿದ್ಧವಾಯಿತು.

"ಒಂದು ಹೆಸರು ಹಾಕಿ ನೋಡಿ. ಇಂಗ್ಲಿಷ್ ಬೇಡ, ಕಷ್ಟದ್ದು ಹಾಕಿ."

ಭಾಗ್ಯಶ್ರೀ ಕೀಲಿಮಣೆಯಲ್ಲಿ ಕನ್ನಡದ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ 'ಗದಿಗೆಮ್ಮ' ಎಂದು ಬರೆದಳು. ಮೊದಲ ಬಾಗಿಲು. ಎರಡನೆಯದು. ಮೂರನೆಯದು. ನಾಲ್ಕನೆಯದರಲ್ಲಿ ಸುಸ್ವಾಗತದ ಪಕ್ಕದಲ್ಲಿ ಗದಿಗೆಮ್ಮ ಇದ್ದ ಹಾಗೆಯೇ ಇದ್ದಳು. ಭಾಗ್ಯಶ್ರೀಗೆ ಕಣ್ಣು ತುಂಬಿ ಬಂತು. ನರಹರಿ ಯಾರಿದು ಎಂದು ಕೇಳಿದ, ನಮ್ಮ ಚಿಗವ್ವ ಎಂದಳು.

ಈಗ ಮತ್ತೆ ಒಳಗೆ ಹೋಗಿ ನೋಡಿ ಎಂದು ಬರೆದದ್ದಕ್ಕೆ ನಾಲ್ಕೂವರೆಗೆ ಇನೇಸ್‌ಳ ಉತ್ತರ ಬಂತು. ಹಾಲ್ ಟಿಕೆಟ್ ಕೈಗೆ ಸಿಕ್ಕಿತ್ತು.

ಸಂಜೆ ಕಟ್ಟಡದ ಗೇಟಿನ ಹತ್ತಿರ ಭಾಗ್ಯಶ್ರೀ ಒಂದು ಹಾಳೆ ಹಿಡಿದು ಕಾದಿದ್ದಳು. ನಾಲ್ಕನೆಯ ಬಾಗಿಲಿನ ಪುಟವನ್ನು ಮುದ್ರಿಸಿ ತಂದಿದ್ದಳು. ಗದಿಗೆಮ್ಮನಿಗೆ ಓದು ಬಾರದು. ಸಿಮೆಂಟಿನ ಕೈ ಸೀರೆಗೆ ಒರೆಸಿಕೊಂಡು, ಮುಂಗೈಯನ್ನು ಹಾಳೆಯ ಪಕ್ಕಕ್ಕೆ ಹಿಡಿದು, ಬೆರಳಿನಿಂದ ಅಕ್ಷರಕ್ಕೆ ಅಕ್ಷರ ಹೋಲಿಸಿದಳು. ಕೊನೆಯ ಅಕ್ಷರದ ಕೆಳಗಿನ ಒತ್ತನ್ನು ಎರಡು ಸಲ ಮುಟ್ಟಿ ನೋಡಿದಳು.

"ಅದಽ ಐತಿ" ಎಂದಳು. "ನಾಕೂ ಬಾಗಲಾ ದಾಟೈತೇನು ಇದು?"

"ದಾಟೈತಿ ಚಿಗವ್ವ. ಒಂದು ಕೂದಲಿನಷ್ಟೂ ಕೊಂಕಿಲ್ಲ."

ಗದಿಗೆಮ್ಮ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು.

"ನಾಕು ಗೇಟು ದಾಟೂದು ನನಗಽ ಆಗಿದ್ದಿಲ್ಲ ನೋಡು" ಎಂದಳು.