ದಟ್ಟಿಯ ಕುಚ್ಚು

ಮತ್ತೆ ತಟ್ಟಿತು ತೊಡೆಗೆ, ಈ ದರಿದ್ರ ಕುಚ್ಚು, ನಡೆದರೆ ತಟ್ಟುತ್ತದೆ, ಬಾಗಿದರೆ ಜೋತಾಡುತ್ತದೆ, ಬಿಚ್ಚಿ ಮೂಲೆಗೆ ಎಸೆಯೋಣ ಅಂದರೆ ಕ್ಲಬ್ಬಿನ ಸೆಕ್ರೆಟರಿ ನಂದೀಶ್ ಬಿಡಲಿಲ್ಲ, ಬೇಡ ತೀರ್ಥಣ್ಣ, ಕೈಲ್ ಮುಹೂರ್ತ ಹಬ್ಬದ ಪ್ರೋಗ್ರಾಂ ಅಲ್ವಾ, ಇಬ್ರೂ ಕುಪ್ಪಸ ದಟ್ಟಿಯಲ್ಲೇ ಆಡಿದ್ರೆ ಫೋಟೋದಲ್ಲಿ ಲುಕ್ಕೇ ಬೇರೆ — ಲುಕ್ಕಂತೆ, ಮೈಮೇಲೆ ಮಂಡಿವರೆಗಿನ ಕರಿ ಕುಪ್ಪಸ, ಸೊಂಟಕ್ಕೆ ಸುತ್ತಿದ ಕೆಂಪು ದಟ್ಟಿ, ಅದರ ತುದಿಗೆ ಜರಿಯ ಕುಚ್ಚು, ಮದುವೆ ಮನೆಗೆ ಹೊರಟವರ ಹಾಗೆ ನಿಂತು ಜಗತ್ತಿನ ಯಾವ ಮೂಲೆಯಲ್ಲಿ ಸ್ನೂಕರ್ ಆಡುತ್ತಾರೆ, ಹೇಳಿದರೆ ನಗುತ್ತಾರೆ, ಇಷ್ಟು ವರ್ಷ ವೇಸ್ಟ್‌ಕೋಟು ಬೋ ಟೈ ಕಟ್ಟಿಕೊಂಡು ಆಡಿದವನು ನಾನು, ಮೈಗೆ ಅಂಟಿಕೊಂಡಿರುವ ಬಟ್ಟೆ, ಒಂದು ದಾರ ಹೊರಗಿರುವುದಿಲ್ಲ. ಅಗೋ ಕುಳಿತಿದ್ದಾನೆ ಬೋಜಪ್ಪ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಎಂಬತ್ತರ ಹತ್ತಿರದ ಮುದುಕ, ಕ್ಯೂ ಕೋಲನ್ನು ಮಂಡಿಯ ನಡುವೆ ನಿಲ್ಲಿಸಿಕೊಂಡು, ಬಾಯಲ್ಲಿ ಆ ನಗು, ಅವನ ತಲೆಯ ಮೇಲೆ ಗೋಡೆಯಲ್ಲಿ ಹಿತ್ತಾಳೆ ಫಲಕ, ಹಳದಿ ಪರದೆಯ ಹಿಂದೆ ಏನು ಬರೆದಿದೆ ಅಂತ ಎಲ್ಲರಿಗೂ ಗೊತ್ತು, ಬೋಜಪ್ಪ ಸ್ನೂಕರ್ ಕೋಣೆ. ಈ ಒಂದು ಫ್ರೇಮ್ ಮುಗಿದ ಮೇಲೆ ಪರದೆ ಎಳೆಯಬೇಕಾದವನು ನಾನು, ಮೈಕ್ ಹಿಡಿದು ನನ್ನ ಗುರುಗಳು ಅಂತ ಶುರು ಮಾಡಬೇಕಾದವನೂ ನಾನೇ. ಮಾಡುತ್ತೇನೆ, ಮೈಕ್ ಹಿಡಿಯುತ್ತೇನೆ, ಈ ಗುರು ಇದೇ ಟೇಬಲ್ಲಿನಲ್ಲಿ ಕಳ್ಳಾಟ ಆಡಿ ಗೆದ್ದವನು ಅಂತ ಎಲ್ಲರ ಮುಂದೆ ಹೇಳುತ್ತೇನೆ, ಆದರೆ ಮೊದಲು ಗೆಲ್ಲಬೇಕು, ಸೋತು ಹೇಳಿದರೆ ಹೊಟ್ಟೆಕಿಚ್ಚು ಅಂದುಕೊಳ್ಳುತ್ತಾರೆ. ಗೆದ್ದವನ ಮಾತಿಗೆ ಮಾತ್ರ ಈ ಊರಿನಲ್ಲಿ ಬೆಲೆ, ಅದನ್ನು ಕಲಿಸಿದವನೂ ಅವನೇ.

ಕೊನೆಯ ಕೆಂಪು ಬಿತ್ತು, ಹಳದಿ, ಹಸಿರು, ಕಂದು, ಈಗ ಉಳಿದದ್ದು ನೀಲಿ, ಗುಲಾಬಿ, ಕಪ್ಪು, ನಾನು ಮುಂದಿದ್ದೇನೆ, ಈ ನೀಲಿ ಹಾಕಿದರೆ ಸಾಕು, ಆಮೇಲೆ ಉಳಿದೆರಡನ್ನು ಅವನು ಹಾಕಿದರೂ ನನ್ನನ್ನು ಮುಟ್ಟಲಾರ. ಆದರೆ ಬಿಳಿ ಚೆಂಡು ಹೋಗಿ ಕುಳಿತಿರುವ ಜಾಗ ನೋಡು, ಟೇಬಲ್ಲಿನ ನಟ್ಟನಡುವೆ, ನನಗೂ ಅದಕ್ಕೂ ನಡುವೆ ಗುಲಾಬಿ, ಗುಲಾಬಿಯ ಮೇಲೆ ಮೈ ಚಾಚಿಯೇ ಹೊಡೆಯಬೇಕು — ಅವತ್ತೂ ಹೀಗೇ ಇತ್ತು, ಅಂದೂ ಕೈಲ್ ಮುಹೂರ್ತ, ಕೋವಿ ಕತ್ತಿಗೆ ಪೂಜೆ ಮಾಡಿ ಹಂದಿ ಸಾರು ಕಡುಬು ತಿಂದು ಕ್ಲಬ್ಬಿಗೆ ಬಂದ ದೊಡ್ಡವರು, ಎಲ್ಲರೂ ಕುಪ್ಪಸ ದಟ್ಟಿ, ಫೈನಲ್ಲಿನಲ್ಲಿ ಬೋಜಪ್ಪ ಮತ್ತು ನಾನು, ನನಗೆ ಆಗಿನ್ನೂ ಮೀಸೆ ಮೂಡಿರಲಿಲ್ಲ, ಗೆದ್ದವನು ಜಿಲ್ಲೆಯ ಪರವಾಗಿ ರಾಜ್ಯ ಪಂದ್ಯಕ್ಕೆ, ಬೋಜಪ್ಪನಿಗೆ ಅದು ವರ್ಷವೂ ಸಿಗುವ ಮಾಮೂಲಿ ಮರ್ಯಾದೆ, ನನಗೆ ಅದೊಂದೇ ಬಾಗಿಲು. ಮುಂದಿದ್ದದ್ದು ನಾನು. ರೆಸ್ಟ್ ತಗೊಳ್ಳಿ ಅಂತ ಯಾರೋ ಅಂದರು, ಕೈಗೆ ಎಟುಕದ ಚೆಂಡಿಗೆ ಇಡುವ ಆ ಉದ್ದ ಕೋಲು, ಆಡುವ ಸರದಿಯಲ್ಲಿದ್ದ ಬೋಜಪ್ಪ ನಕ್ಕ, ಅದ್ ಮುದ್ಕರ ಊರುಗೋಲು, ಗಂಡ್ ಆದಂವ ಮೈ ಚಾಚಿ ಹೊಡಿಯೊಕು, ಅಂತ ಹೇಳಿ ಬಾಗಿದ, ಕುಚ್ಚು ಜಾರಿ ಮೇಜಿನ ಬಟ್ಟೆ ಸವರಿಕೊಂಡು ಬಂದು ಗುಲಾಬಿಯನ್ನು ಮುಟ್ಟಿತು, ಕೂದಲೆಳೆಯಷ್ಟು ಅಲುಗಿತು ಚೆಂಡು, ನಾನು ನೋಡಿದೆ, ಕಣ್ಣಾರೆ ನೋಡಿದೆ. ಬಟ್ಟೆ ತಾಗಿದರೂ ಫೌಲ್, ತಾಗಿಸಿದವನೇ ಬಾಯಿಬಿಟ್ಟು ಹೇಳಬೇಕು, ಆಟದ ಮರ್ಯಾದೆ ಅದು, ಆ ಪಾಠವನ್ನೂ ಅವನೇ ಹೇಳಿಕೊಟ್ಟಿದ್ದ. ಸಾರ್, ತಾಗಿತು ಅಂದೆ. ತಾಗಿತ್ಲೆ. ತಾಗಲಿಲ್ಲ ಅನ್ಬೇಡಿ ಸಾರ್, ಕುಚ್ಚು ತಾಗಿತು. ತಾಗಿತ್ಲೆ ಅಂತ ಹೇಳ್ದೆ ಅಲ್ಲಾ. ನೀಲಿ ಬಿತ್ತು, ಗುಲಾಬಿ ಬಿತ್ತು, ಕಪ್ಪು ಬಿತ್ತು, ಚಪ್ಪಾಳೆ, ಆಮೇಲೆ ಯಾರೋ ದೊಡ್ಡ ಮನುಷ್ಯ, ರೈಟರನ ಮಗ ಬೋಜಣ್ಣನನ್ನೇ ಕಳ್ಳ ಅಂತಾನಲ್ಲ, ಕ್ಷಮೆ ಕೇಳ್ಲಿ ಅಂದ.

ರೈಟರನ ಮಗ, ಹೌದು, ಅಪ್ಪ ಬೋಜಪ್ಪನ ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ ಕರೆಯುವವನು, ಅವತ್ತು ಗೋಡೆ ನೋಡುತ್ತಾ ನಿಂತುಬಿಟ್ಟ, ಬಂದವಳು ಅವ್ವ, ಜಗಲಿಯಲ್ಲಿ ಕಿಟಕಿಯ ಬಳಿ ಹೆಂಗಸರ ಜೊತೆ ಕುಳಿತವಳು ಎದ್ದು ಒಳಗೆ ಬಂದು ನನ್ನ ಕುತ್ತಿಗೆಯ ಮೇಲೆ ಕೈ ಇಟ್ಟಳು, ಕಾಲ್ ಹಿಡಿ ಮಗ, ಅಪ್ಪನ ಕೆಲ್ಸ ಅವರ ಕೈಲಿ ಉಟ್ಟು, ಅಂತ ಕಿವಿಯಲ್ಲಿ ಹೇಳಿ ಒತ್ತಿದಳು, ಬಾಗಿದೆ, ಮೂರು ಸಲ ಅವನ ಕಾಲು ಮುಟ್ಟಿದೆ, ಮುಖದ ಮುಂದೆಯೇ ಜೋತಾಡುತ್ತಿತ್ತು ಕುಚ್ಚು, ಜರಿಯ ತುದಿಗೆ ಮೆತ್ತಿಕೊಂಡಿತ್ತು ನೀಲಿ ಪುಡಿ, ಕ್ಯೂ ತುದಿಗೆ ಉಜ್ಜುವ ಸೀಮೆಸುಣ್ಣದ ಪುಡಿ, ಮೇಜಿನ ಬಟ್ಟೆ ಸವರದೆ ಅಲ್ಲಿಗೆ ಅದು ಹೇಗೆ ಬರುತ್ತದೆ, ನೋಡ್ರೋ ಅಂತ ಕೂಗಬೇಕಿತ್ತು, ಕುತ್ತಿಗೆಯ ಮೇಲೆ ಅವ್ವನ ಕೈ. ಮನೆಗೆ ವಾಪಸ್ ಹೋಗುವ ಸುಂಟಿಕೊಪ್ಪದ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿಕೊಂಡು ಹೇಳಿದಳು, ನಾನೂ ನೋಡ್ದೆ ಮಗ, ತಾಗಿತ್ತ್. ಆ ಮಾತಿಗೆ ಅವಳನ್ನು ಇವತ್ತಿಗೂ ಕ್ಷಮಿಸಿಲ್ಲ. ಇಗೋ ಮುಂದಿನ ಸಾಲಿನಲ್ಲೇ ಕುಳಿತಿದ್ದಾಳೆ ಅದೇ ಅವ್ವ, ಹೊನ್ನಮ್ಮ, ಹೊಸ ಸೀರೆ, ಮಗನಿಗೆ ಸನ್ಮಾನ ಅಂತ ಸಂಭ್ರಮ.

ಸನ್ಮಾನ ಯಾವುದಕ್ಕೆ, ಬೇರೆ ಬಾಗಿಲು ಹುಡುಕಿಕೊಂಡು ಹೋಗಿ ಎರಡು ವರ್ಷ ಪ್ರೊಫೆಷನಲ್ ಸ್ನೂಕರ್ ಟೂರಿನಲ್ಲಿದ್ದು ವಾಪಸ್ ಬಂದದ್ದಕ್ಕಾ, ಇಂಗ್ಲೆಂಡಿನ ಆ ಚಳಿ ಹಾಲ್‌ಗಳು, ನೋಡುವವರು ಬೆರಳೆಣಿಕೆಯ ಜನ, ಅವರಲ್ಲೊಬ್ಬ ನಿದ್ದೆ ಹೊಡೆಯುತ್ತಿರುತ್ತಾನೆ, ಬಾಡಿಗೆ ರೂಮಿನಲ್ಲಿ ಬ್ರೆಡ್ಡು ಮೊಟ್ಟೆ, ಬೆಳಗಾದರೆ ಮತ್ತೆ ಅದೇ ಹಸಿರು ಬಟ್ಟೆ. ಅಲ್ಲಿ ಉಳಿಯಬೇಕಾದರೆ ಗೆಲ್ಲಲೇಬೇಕಿದ್ದ ಪಂದ್ಯ, ನನ್ನ ತೋಳಿನ ಬಟ್ಟೆ ಒಂದು ಕೆಂಪನ್ನು ಸವರಿತು, ರೆಫರಿ ನೋಡಲಿಲ್ಲ, ಎದುರಾಳಿ ನೀರು ಕುಡಿಯುತ್ತಿದ್ದ, ನಾನೇ ಎದ್ದು ನಿಂತು ಫೌಲ್ ಅಂದೆ, ಸೋತೆ, ಟೂರಿನಿಂದ ಹೊರಬಿದ್ದೆ, ಆ ಎದುರಾಳಿ ಕೈಕುಲುಕುತ್ತಾ ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದ. ಪ್ರಾಮಾಣಿಕತೆ ಅಂತ ಪತ್ರಿಕೆಯವನು ಬರೆದ, ಸುಡುಗಾಡು ಪ್ರಾಮಾಣಿಕತೆ, ಪ್ರತಿ ಸಲ ಫೌಲ್ ಅನ್ನುವಾಗಲೂ ನನ್ನ ಕಣ್ಣ ಮುಂದೆ ಇದ್ದವನು ಬೋಜಪ್ಪ, ನೋಡು, ನೀನು ಹೇಳಲಾರದ ಮಾತನ್ನು ನಾನು ಎಷ್ಟು ಸಲೀಸಾಗಿ ಹೇಳುತ್ತೇನೆ ನೋಡು, ಅಂತ ಅವನ ಮುಖಕ್ಕೆ ಉಗಿದ ಹಾಗೆ ಹೇಳಿದ್ದೇನೆ. ಅವನಿಗೆ ಒಂದೂ ಕೇಳಿಸಿಲ್ಲ, ಆರಾಮಾಗಿ ಇಲ್ಲಿ ಕಾಫಿ ಮಾರಿಕೊಂಡು, ನನ್ನ ಶಿಷ್ಯ ಇಂಗ್ಲೆಂಡಿನಲ್ಲಿದ್ದಾನೆ ಅಂತ ಹೇಳಿಕೊಂಡು ತಿರುಗಿದ.

ಸಾಕು, ಈಗ ನೀಲಿ, ತೀರ್ಥಣ್ಣ ರೆಸ್ಟ್ ಕೊಡ್ಲಾ ಅನ್ನುತ್ತಿದ್ದಾನೆ ನಂದೀಶ್, ಬೇಡ ಅಂದೆ, ಯಾಕೆ ಹಾಗಂದೆನೋ, ಮುದ್ಕರ ಊರುಗೋಲು — ಥೂ, ಅವನ ಮಾತು ನನ್ನ ಬಾಯಲ್ಲಿ, ಇರಲಿ, ಎಡಗೈ ಊರಿದೆ, ಒಂದು ಕಾಲು ನೆಲದಲ್ಲಿ, ಮೈ ಚಾಚಿದೆ, ಹೊಟ್ಟೆಯ ಕೆಳಗೆಲ್ಲೋ ಗುಲಾಬಿ, ಮಳೆಗಾಲದ ತೇವ ಹೀರಿದ ಬಟ್ಟೆ ಚೆಂಡನ್ನು ಹಿಡಿಯುತ್ತದೆ, ಸ್ವಲ್ಪ ಗಟ್ಟಿಯಾಗಿ ಹೊಡೆಯಬೇಕು, ಉಸಿರು ಬಿಗಿ, ಕ್ಯೂ ಹಿಂದೆ, ಮುಂದೆ, ಇನ್ನೊಮ್ಮೆ ಹಿಂದೆ — ಸೊಂಟದಲ್ಲಿ ಒಂದು ಎಳೆತ, ದಾರ ತೊಡರಿದ ಹಾಗೆ, ಬಹಳ ಸಣ್ಣದು, ಬಗ್ಗಿ ನೋಡಿದೆ, ಕುಚ್ಚು, ಗುಲಾಬಿ ಅಲುಗಿ ನಿಂತಿತು. ಯಾರೂ ನೋಡಲಿಲ್ಲ. ಬೋಜಪ್ಪ ಕನ್ನಡಕ ಒರೆಸುತ್ತಿದ್ದಾನೆ, ನಂದೀಶ್ ಮೊಬೈಲು, ಅವ್ವ ಪಕ್ಕದವಳ ಜೊತೆ ಮಾತು. ಹೊಡೆದುಬಿಡು, ನೀಲಿ ಬೀಳುತ್ತದೆ, ಗೆದ್ದು ಮೈಕ್ ಹಿಡಿ, ಅವನೂ ಹೀಗೇ ಗೆದ್ದದ್ದಲ್ಲವಾ, ಸಮಕ್ಕೆ ಸಮ. ಸಮ, ಅಂದರೆ ಅವನ ಸಮಕ್ಕೆ ನಾನು, ಇಲ್ಲ, ಸತ್ತರೂ ಇಲ್ಲ, ಇಷ್ಟು ಹತ್ತಿರದಿಂದ ಆ ಮಾತನ್ನು ಅವನ ಕಿವಿಗೆ ಹಾಕುವ ಅವಕಾಶ ಮತ್ತೆ ಸಿಗುವುದಿಲ್ಲ, ಎದ್ದು ನಿಂತೆ, ಅವನ ಕಣ್ಣಲ್ಲೇ ಕಣ್ಣಿಟ್ಟು, ಫೌಲ್ ಅಂದೆ, ದಟ್ಟಿಯ ಕುಚ್ಚು ಗುಲಾಬಿಗೆ ತಾಗಿತು, ತಾಗಿತು, ಅಂತ ಎರಡು ಸಲ ಹೇಳಿದೆ, ಕುಚ್ಚು ಅನ್ನುವ ಮಾತನ್ನು ಕಲ್ಲಿನ ಹಾಗೆ ಎಸೆದೆ.

ಈಗ ಅವನ ಮುಖ ಬಾಡಬೇಕು, ಈಗ, ಈಗ — ಚಪ್ಪಾಳೆ. ಇಡೀ ಕೋಣೆ ಎದ್ದು ಚಪ್ಪಾಳೆ, ಇದಪ್ಪಾ ಸ್ಪೋರ್ಟ್ಸ್‌ಮನ್‌ಶಿಪ್, ಯಾರ ಗರಡಿ ಹೇಳಿ, ಬೋಜಣ್ಣ ಕಲಿಸಿದ್ದು ಸುಮ್ನೆ ಹೋಗುತ್ತಾ, ಅನ್ನುತ್ತಿದ್ದಾರೆ, ಅವನು ನಿಧಾನವಾಗಿ ಏಳುತ್ತಾನೆ, ರೆಸ್ಟ್ ಕೊಡಪ್ಪ ಅನ್ನುತ್ತಾನೆ, ನಾಚಿಕೆಯೇ ಇಲ್ಲದೆ ಆ ಊರುಗೋಲನ್ನು ಟೇಬಲ್ಲಿನ ಮೇಲೆ ಇಡುತ್ತಾನೆ, ನನ್ನ ತಪ್ಪಿಗೆ ಆರು ಅಂಕ ಅವನಿಗೆ, ನೀಲಿ ಬಿತ್ತು, ಗುಲಾಬಿ ಬಿತ್ತು, ಕಪ್ಪು ಪಾಕೆಟ್ಟಿನ ಬಾಯಿಯ ಹತ್ತಿರ ಒಂದು ಕ್ಷಣ ನಿಂತು ನನ್ನನ್ನು ಅಣಕಿಸಿ ಬಿತ್ತು, ಸೋತೆ. ಬಂದ, ನನ್ನ ಎದುರೇ ಬಂದು ನಿಂತ, ನನ್ನ ಭುಜ ತಟ್ಟಿದ, ಕುಚ್ಚು ಒಳ ಸಿಕ್ಕಿಸಿ ಆಡೊಕು ಮಗ, ನಾ ಯಾಗಳೂ ಹಂಗೇ ಆಡ್ದು. ಕಣ್ಣು ನೋಡಿದೆ, ಸುಳ್ಳು ಹುಡುಕಿದೆ, ಅಲ್ಲಿ ಏನೂ ಇಲ್ಲ, ಮರೆತಿದ್ದಾನೆ, ಬೋಳಿಮಗ ಮರೆತೇಬಿಟ್ಟಿದ್ದಾನೆ, ನಾನೊಬ್ಬನೇ ಇಷ್ಟು ವರ್ಷ ಹೊತ್ತು ತಿರುಗಿದ್ದು. ನಂದೀಶ್ ಮೈಕ್ ಕೈಗಿಡುತ್ತಿದ್ದಾನೆ, ಮಾತಾಡಿ ತೀರ್ಥಣ್ಣ, ಮೊದ್ಲು ಗುರುಗಳ ಕಾಲು ಮುಟ್ಟಿ, ಒಂದು ಫೋಟೋ, ಹಿಂದೆ ಯಾವಾಗ ಬಂದಳೋ ಅವ್ವ, ಬಡಕಲು ಕೈ, ಅದೇ ಜಾಗ, ಕುತ್ತಿಗೆಯ ಮೇಲೆ, ಹಿಡಿ ಮಗ, ಈ ಸಲ ಒತ್ತುವುದೂ ಬೇಕಾಗಲಿಲ್ಲ, ಬಾಗಿದೆ, ಅವನ ಸೊಂಟದಲ್ಲಿ ಕುಚ್ಚು ಕಾಣುತ್ತಿಲ್ಲ, ಅಚ್ಚುಕಟ್ಟಾಗಿ ಒಳಗೆ ಸಿಕ್ಕಿಸಿದ್ದಾನೆ, ಜೋತಾಡುತ್ತಿರುವುದು ನನ್ನದು, ನನ್ನ ಮುಖದ ಮುಂದೆ, ಜರಿಯ ತುದಿಗೆ ನೀಲಿ ಪುಡಿ, ನೀಲಿ, ಜರಿಯ ತುದಿಗೆ ನೀಲಿ ಪುಡಿ