ವಿಮಾನ ಕಂಪನಿಗೆ ಕೇಳಿದ ಪ್ರಸಾದ

ಹೆದ್ದಾರಿ ಅಗಲವಾಗುವಾಗ ಹಳದೀಪುರದ ಭಾಸ್ಕರನ ಚಹಾ ಹೋಟೆಲು ಹೋಯಿತು, ಪರಿಹಾರದ ದುಡ್ಡು ಬಂತು. ದುಡ್ಡಿನ ಹಿಂದೆಯೇ ಭಟ್ಕಳದಿಂದ ಹೆಂಡತಿಯ ತಮ್ಮ ನರೇಶನೂ ಬಂದ. ಸಣ್ಣ ಊರುಗಳ ನಡುವೆ ಹಾರುವ ಪುಟ್ಟ ವಿಮಾನ ಮಾಡುವ ಹೊಸ ಕಂಪನಿಯೊಂದಿದೆ, ಅದರ ಶೇರು ಈಗ ಅಗ್ಗ ಎಂದ.

“ಆರ್ಡರು ಬೇಕಾದಷ್ಟು ಅದೆ ಭಾವ. ಆದ್ರೆ ಹಾರುಕೆ ಸರ್ಕಾರದ ಪರವಾನಗಿ ಇನ್ನೂ ಸಿಗ್ಲಿಲ್ಲ. ಎಂಜಿನ್ನು ಹೊರದೇಶದಿಂದ ಬರ್ಬೇಕು. ತಡ ಆದ್ರೆ ಹಾಕಿದ್ದೆಲ್ಲ ಮುಳುಗಿದ್ರೂ ಮುಳುಗ್ತು.”

“ಹಾಗಾರೆ ಹಾಕ್ಲೋ, ಬೇಡ್ವೋ?”

“ಅದು ನಿಮ್ಮ ಮನಸ್ಸು,” ಎಂದು ನರೇಶ ಜಾರಿಕೊಂಡ.

ಪುಣ್ಯಾತ್ಮ, ಎರಡೂ ಕಡೆ ಮಾತಾಡಿ ಎದ್ದುಹೋದರೆ ಕೇಳಿದವನ ಗತಿಯೇನು? ಜನ್ಮದಲ್ಲಿ ವಿಮಾನ ಹತ್ತದ ಭಾಸ್ಕರ ಆಕಾಶ ನೋಡುತ್ತ ಕೂತ. ಹೆಂಡತಿ ಗಂಗಾಳಿಗೋ ಹೊನ್ನಾವರದ ಬಸ್ ಸ್ಟ್ಯಾಂಡ್ ಹತ್ತಿರ ಬಾಡಿಗೆ ಜಾಗ ಹಿಡಿದು ಮತ್ತೆ ಒಲೆ ಹಚ್ಚುವ ಆಸೆ. ಇದ್ದದ್ದು ಒಂದೇ ಗಂಟು, ಎರಡಕ್ಕೂ ಸಾಲದು. ಕೊನೆಗೆ ಇಬ್ಬರೂ ಅವಳ ತವರೂರು ಬಾಡಕ್ಕೆ ಹೋಗಿ ಅಮ್ಮನವರ ಗುಡಿಯಲ್ಲಿ ಪ್ರಸಾದ ಕೇಳುವುದೆಂದಾಯಿತು.

ಪೂಜಾರಿ ಶುಕ್ರ ಗುನಗರು ದೇವಿಯ ಎರಡು ಭುಜಕ್ಕೂ ಒದ್ದೆ ಹೂ ಹಚ್ಚಿದರು. ಬಲಗಡೆಯದು ಮೊದಲು ಬಿದ್ದರೆ ಮಾಡು, ಎಡಗಡೆಯದಾದರೆ ಬಿಡು. “ಮನಸ್ಸಲ್ಲೇ ಕೇಳ್ಕಣಿ,” ಎಂದರು. ಶೇರು ತೆಗೆದುಕೊಳ್ಳಲೇ ತಾಯಿ, ಎಂದು ಭಾಸ್ಕರ ಮನಸ್ಸಲ್ಲೇ ಕೇಳಿದ. ಸ್ವಲ್ಪ ಹೊತ್ತಿಗೆ ಬಲಗಡೆಯ ಹೂ ಬಿತ್ತು.

ಕುಮಟಾದಲ್ಲಿ ಬಸ್ಸು ಹತ್ತಿದ ಮೇಲೆ ಗಂಗಾ ಮುಖ ಅರಳಿಸಿ, “ನಾಳೆನೇ ಬಾಡಿಗೆ ಮಾತಾಡ್ವ,” ಎಂದಳು.

“ಎಂತ ಬಾಡಿಗೆ? ನಾ ಕೇಳಿದ್ದು ಶೇರು.”

“ನಾ ಕೇಳಿದ್ದು ಹೋಟೆಲು.”

ಹೂ ಒಂದೇ, ಕೇಳಿದವರು ಇಬ್ಬರು. ದೇವಿ ಹೂಂ ಎಂದದ್ದು ಯಾರಿಗೆ? ತಿರುಗಿ ಹೋಗೋಣವೆಂದರೆ ಒಂದೇ ವಿಷಯ ಎರಡು ಸಲ ಕೇಳುವಂತಿಲ್ಲ. ಭಾಸ್ಕರನಿಗೆ ನರೇಶನ ಮೇಲೆ, ಗುನಗರ ಮೇಲೆ, ಕಡೆಗೆ ಕಿಟಕಿಯ ಗಾಳಿಯ ಮೇಲೂ ಸಿಟ್ಟು ಬಂತು.

ಹಳದೀಪುರ ಹತ್ತಿರವಾಯಿತು. ಹೋಟೆಲಿದ್ದ ಜಾಗದ ಮೇಲೆ ಲಾರಿಗಳು ಓಡುತ್ತಿದ್ದವು.

“ಹೂ ಬೀಳುವಾಗ ನಿಮ್ಗೆ ಎಂತ ಅನ್ನಿಸ್ತು?” ಗಂಗಾ ಮೆಲ್ಲಗೆ ಕೇಳಿದಳು.

ಅವನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಬಲಗಡೆಯ ಹೂ ಅಲುಗಿದಾಗ, ಬೀಳಿಸಬೇಡ ತಾಯಿ, ಎಂದುಕೊಂಡಿದ್ದ.

“ಹೆದ್ರಿಕೆ ಆತು,” ಎಂದ.

“ಹಳದೀಪುರ ಇಳಿಯೋರು,” ಎಂದು ಕಂಡಕ್ಟರ್ ಕೂಗಿದ. ಗಂಗಾ ಕೂತಲ್ಲಿಂದಲೇ ದುಡ್ಡು ಚಾಚಿದಳು.

“ಹೊನ್ನಾವರಕ್ಕೆ ಎರಡು ಕೊಡಿ.”

ಭಾಸ್ಕರ ಏಳಲಿಲ್ಲ.